ಯುವ ನಾಯಕತ್ವ ವಿನಿಮಯಕ್ಕೆ ಅಮೆರಿಕ ಸರ್ಕಾರದ ಅನುದಾನ: ಅರ್ಜಿಗೆ ಮೊದಲು, ಅರ್ಜಿಯಲ್ಲಿ, ಹಣ ಬಂದ ಮೇಲೆ

ಅಮೆರಿಕದ ವಿದೇಶಾಂಗ ಇಲಾಖೆಯಲ್ಲಿ ಶೈಕ್ಷಣಿಕ ಮತ್ತು ಸಾಂಸ್ಕೃತಿಕ ವ್ಯವಹಾರಗಳ ಬ್ಯೂರೊ ಎಂಬುದೊಂದಿದೆ. ಎಲ್ಲರೂ ಚಿಕ್ಕದಾಗಿ ಇಸಿಎ ಎನ್ನುತ್ತಾರೆ. 1961ರ ಫುಲ್‌ಬ್ರೈಟ್-ಹೇಸ್ ಕಾಯ್ದೆಯ ಅಧಿಕಾರದಲ್ಲಿ ಅದು ಹೈಸ್ಕೂಲು ವಯಸ್ಸಿನ ಹುಡುಗ ಹುಡುಗಿಯರ ವಿನಿಮಯ ಕಾರ್ಯಕ್ರಮಗಳಿಗೆ ಹಣ ಕೊಡುತ್ತದೆ. ಈ ಹಣ ಮಕ್ಕಳ ಕೈಗೆ ಬರುವುದಿಲ್ಲ. ಅವರನ್ನು ಆರಿಸಿ, ಕರೆಸಿ, ಕಲಿಸಿ, ಸುರಕ್ಷಿತವಾಗಿ ಮನೆ ಮುಟ್ಟಿಸುವ ಸಂಸ್ಥೆಗೆ ಬರುತ್ತದೆ. ಪರದೇಶದ ಹೈಸ್ಕೂಲು ಮಕ್ಕಳನ್ನು ಅಮೆರಿಕಕ್ಕೆ ಕರೆಸುವ, ಭಾರತವೂ ಸೇರಿರುವ ಕೆನಡಿ-ಲೂಗರ್ ‘ಯೆಸ್’ ಕಾರ್ಯಕ್ರಮ 2002ರಲ್ಲಿ ಹುಟ್ಟಿತು. ಅಮೆರಿಕದ ಮಕ್ಕಳಿಗೆ ಪರಭಾಷೆ ಕಲಿಸುವ ಎನ್‌ಎಸ್‌ಎಲ್‌ಐ-ವೈ ಯೋಜನೆಯಲ್ಲಿ ಹಿಂದಿ ಇದೆ, ಕನ್ನಡ ಇಲ್ಲ. ಇವು ದೊಡ್ಡ ಸಂಸ್ಥೆಗಳು ನಡೆಸುವ ದೊಡ್ಡ ಕೆಲಸಗಳು. ಸಣ್ಣ ಸಂಸ್ಥೆಯ ಕೈಗೆಟುಕುವುದು ಮೂರು ನಾಲ್ಕು ವಾರದ ಯುವ ನಾಯಕತ್ವ ಕಾರ್ಯಕ್ರಮ.

ಕರ್ನಾಟಕದ ಮಕ್ಕಳನ್ನು ಇಂಥ ಕಾರ್ಯಕ್ರಮಕ್ಕೆ ಕರೆಸಬೇಕೆಂದಿರುವ ಅಮೆರಿಕದ ಕನ್ನಡ ಸಂಸ್ಥೆಗಳಿಗೂ, ಅವರ ಜೊತೆ ಕೈಜೋಡಿಸುವ ಇಲ್ಲಿನ ಸ್ವಯಂಸೇವಾ ಸಂಸ್ಥೆಗಳಿಗೂ ಈ ಮಾರ್ಗದರ್ಶಿ. ಒಳ್ಳೆಯ ಕಲ್ಪನೆಯಿರುವ ಅರ್ಜಿಗಳು ಬಿದ್ದುಹೋಗುವುದು ಬಹುಪಾಲು ಮೂರು ಕಡೆ: ಹಣ ಯಾರ ಖಾತೆಗೆ, ಪ್ರಯಾಣ ಯಾವ ತಿಂಗಳಲ್ಲಿ, ಯಾವ ಖರ್ಚು ಯಾವ ಬಾಬ್ತಿನಲ್ಲಿ. ನಾಯಕತ್ವದ ಬಗ್ಗೆ ಒಂದು ಸಾಲು ಬರೆಯುವ ಮೊದಲು ಈ ಮೂರು ಇತ್ಯರ್ಥವಾಗಬೇಕು.

ಅರ್ಜಿ ಯಾರ ಹೆಸರಲ್ಲಿ

ಇಸಿಎ ಅನುದಾನದ ಪ್ರಕಟಣೆಗಳು, ಈ ವಲಯದವರ ಮಾತಿನಲ್ಲಿ ‘ನೋಫೊ’ಗಳು, ಸಾಮಾನ್ಯವಾಗಿ ಅಮೆರಿಕದ ಲಾಭರಹಿತ ಸಂಸ್ಥೆಗಳಿಂದಲೇ ಅರ್ಜಿ ಕೇಳುತ್ತವೆ. ಅಂದರೆ ಅಲ್ಲಿನ ತೆರಿಗೆ ಕಾನೂನಿನ 501 ಸಿ 3 ಮಾನ್ಯತೆಯ ಷರತ್ತುಗಳನ್ನು ಪೂರೈಸುವ ಸಂಸ್ಥೆಗಳು. ಹಲವು ಕನ್ನಡ ಸಂಘಗಳಿಗೆ ಈ ಮಾನ್ಯತೆ ಇದೆ. ಆದರೆ ಇನ್ನೊಂದು ಗೇಟು ದಾಟಬೇಕು. ಅಂತರರಾಷ್ಟ್ರೀಯ ವಿನಿಮಯ ನಡೆಸಿದ ಅನುಭವ ನಾಲ್ಕು ವರ್ಷಕ್ಕಿಂತ ಕಡಿಮೆಯಿದ್ದರೆ ಕೇಳಬಹುದಾದ ಮೊತ್ತಕ್ಕೆ ಮಿತಿ ಇರುತ್ತದೆ. ಹಳೆಯ ಪ್ರಕಟಣೆಗಳಲ್ಲಿ ಅದು 60,000 ಡಾಲರ್ ಇತ್ತು, ಈಚಿನವುಗಳಲ್ಲಿ 1,30,000. ಮೂವತ್ತು ವರ್ಷದಿಂದ ರಾಜ್ಯೋತ್ಸವ ಮಾಡಿಕೊಂಡು ಬಂದಿರುವುದು ಈ ಲೆಕ್ಕಕ್ಕೆ ಬರುವುದಿಲ್ಲ. ಮಕ್ಕಳನ್ನು ದೇಶದಿಂದ ದೇಶಕ್ಕೆ ಕರೆದೊಯ್ದು ತಂದ ದಾಖಲೆ ಬೇಕು.

ಹಾಗಾಗಿ ಪ್ರಕಟಣೆ ಕೈಗೆ ಬಂದ ಕೂಡಲೇ ಒಂದು ಅನುದಾನದ ಕನಿಷ್ಠ ಮೊತ್ತ ಎಷ್ಟೆಂದು ನೋಡಿ. ಅದು ನಿಮ್ಮ ಮಿತಿಗಿಂತ ಹೆಚ್ಚಿದ್ದರೆ ಅರ್ಜಿಯನ್ನು ತಾಂತ್ರಿಕ ಕಾರಣಕ್ಕೇ ಬದಿಗಿಡುತ್ತಾರೆ, ಒಳಗಿರುವುದನ್ನು ಓದುವುದೂ ಇಲ್ಲ. ಆಗ ಅನುಭವಿ ಸಂಸ್ಥೆಯೊಂದರ ಕೆಳಗೆ ಉಪ ಅನುದಾನ ಪಡೆಯುವ ಪಾಲುದಾರರಾಗಿ ಸೇರಿಕೊಳ್ಳುವುದು ಜಾಣತನ. ನಾಲ್ಕು ವರ್ಷದ ದಾಖಲೆ ಕಟ್ಟಿಕೊಳ್ಳಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ಒಂದು ಸ್ಪರ್ಧೆಗೆ ಒಂದು ಸಂಸ್ಥೆಯಿಂದ ಒಂದೇ ಅರ್ಜಿ ಎಂಬ ನಿಯಮವೂ ಸಾಮಾನ್ಯ. ಎರಡು ಹಾಕಿದರೆ ಎರಡೂ ಅನರ್ಹ.

ಕರ್ನಾಟಕದ ಸಂಸ್ಥೆ ತಾನೇ ಅರ್ಜಿದಾರನಾಗಬೇಕೆಂದಿದ್ದರೆ ಭಾರತದಲ್ಲಿರುವ ಅಮೆರಿಕ ರಾಯಭಾರ ಕಚೇರಿ ಮತ್ತು ಕಾನ್ಸುಲೇಟ್‌ಗಳ ಸಣ್ಣ ಅನುದಾನಗಳನ್ನು ನೋಡಬೇಕು. ಕರ್ನಾಟಕ ಬಹುಕಾಲದಿಂದ ಚೆನ್ನೈ ಕಾನ್ಸುಲೇಟ್ ವ್ಯಾಪ್ತಿಯಲ್ಲಿದೆ. ಎರಡೂ ದಾರಿಗಳಲ್ಲಿ ನೋಂದಣಿ ಒಂದೇ ಬಗೆಯದು.

ನೋಂದಣಿ: ಹೆಸರಿನಲ್ಲಿ ಒಂದಕ್ಷರ ತಪ್ಪಿದರೂ ಕೆಲಸ ನಿಲ್ಲುತ್ತದೆ

ಅಮೆರಿಕ ಸರ್ಕಾರದ ಸ್ಯಾಮ್ ಡಾಟ್ ಗವ್ ತಾಣದಲ್ಲಿ ಸಂಸ್ಥೆ ನೋಂದಾಯಿಸಿದಾಗ ಯುಇಐ ಎಂಬ 12 ಅಕ್ಷರ-ಅಂಕಿಗಳ ಗುರುತು ಸಂಖ್ಯೆ ಸಿಗುತ್ತದೆ. 2022ರ ಏಪ್ರಿಲ್ 4ರಿಂದ ಹಳೆಯ ಡನ್ಸ್ ಸಂಖ್ಯೆಯ ಜಾಗಕ್ಕೆ ಇದೇ ಬಂದಿದೆ. ಅಮೆರಿಕದ ಹೊರಗಿನ ಸಂಸ್ಥೆ ಪೂರ್ಣ ನೋಂದಣಿಗೆ ಮೊದಲು ಎನ್‌ಕೇಜ್ ಎಂಬ ಇನ್ನೊಂದು ಗುರುತು ಸಂಕೇತವನ್ನೂ ಪಡೆಯಬೇಕು. ಉಪ ಅನುದಾನ ಮಾತ್ರ ಪಡೆಯುವ ಪಾಲುದಾರನಿಗೆ ಯುಇಐ ಸಾಕು, ಪೂರ್ಣ ನೋಂದಣಿ ಬೇಡ. ಇದು ತಿಳಿಯದೆ ಇಲ್ಲಿನ ಪಾಲುದಾರರನ್ನು ತಿಂಗಳುಗಟ್ಟಲೆ ಅಲೆಸುವವರಿದ್ದಾರೆ. ಈ ಎಲ್ಲ ನೋಂದಣಿಯೂ ಉಚಿತ. “ನಾವು ಮಾಡಿಸಿಕೊಡುತ್ತೇವೆ, ಇಷ್ಟು ಡಾಲರ್ ಕಟ್ಟಿ” ಎಂಬ ಮಿಂಚಂಚೆ ಬಂದರೆ ಅದು ಸರ್ಕಾರದ್ದಲ್ಲ.

ಕರ್ನಾಟಕದ ಸಂಸ್ಥೆಗಳಿಗೆ ಇಲ್ಲೊಂದು ವಿಶೇಷ ತೊಡಕಿದೆ: ಹೆಸರಿನ ಕೊನೆಯ ‘(ರಿ.)’. ನೋಂದಣಿ ಪತ್ರದಲ್ಲಿ ಅದು ಇರುತ್ತದೆ, ಪಾನ್ ಕಾರ್ಡಿನಲ್ಲಿ ಇರುವುದಿಲ್ಲ, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ‘ಟ್ರಸ್ಟ್’ ಎಂಬ ಪದವೇ ಬಿಟ್ಟುಹೋಗಿರುತ್ತದೆ. ವಿಳಾಸದಲ್ಲೂ ‘2ನೇ ಅಡ್ಡರಸ್ತೆ’ ಒಂದು ಕಡೆ, ‘ಸೆಕೆಂಡ್ ಕ್ರಾಸ್’ ಇನ್ನೊಂದು ಕಡೆ. ಪರಿಶೀಲನೆ ಮಾಡುವವರು ದಾಖಲೆಯನ್ನು ಅಕ್ಷರಕ್ಕಕ್ಷರ ಹೋಲಿಸುತ್ತಾರೆ. ಮೊದಲು ಇಂಗ್ಲಿಷಿನಲ್ಲಿ ಒಂದು ಹೆಸರು, ಒಂದು ವಿಳಾಸ ನಿಶ್ಚಯಿಸಿಕೊಳ್ಳಿ. ಎಲ್ಲ ದಾಖಲೆಗಳೂ ಅದಕ್ಕೆ ಸರಿಹೊಂದಿದ ಮೇಲೆಯೇ ಅರ್ಜಿ ತೆರೆಯಿರಿ. ವಿದೇಶಿ ಸಂಸ್ಥೆಯಾದರೆ ಎರಡು ತಿಂಗಳು ಕೈಯಲ್ಲಿರಲಿ. ನೋಂದಣಿಯನ್ನು ಪ್ರತಿ ವರ್ಷ ನವೀಕರಿಸಬೇಕು. ಅರ್ಜಿ ಕಳಿಸುವ ವಾರದಲ್ಲೇ ಅವಧಿ ಮುಗಿದಿರುವುದು ಕಂಡು ಕೈಚೆಲ್ಲಿದವರು ಕಡಿಮೆಯಿಲ್ಲ.

ಯಾವ ತಿಂಗಳು

ಕರ್ನಾಟಕದ ಶಾಲೆಗಳ ಬೇಸಿಗೆ ರಜೆ ಸುಮಾರು ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ. ಅಮೆರಿಕದ ರಜೆ ಜೂನ್‌ನಿಂದ ಆಗಸ್ಟ್‌ವರೆಗೆ. ಎರಡೂ ಕೂಡುವುದೇ ಇಲ್ಲ. ಏಪ್ರಿಲ್-ಮೇಯಲ್ಲಿ ಕರೆಸಿದರೆ ನಮ್ಮ ಮಕ್ಕಳಿಗೆ ಪಾಠ ತಪ್ಪುವುದಿಲ್ಲ, ಅಲ್ಲಿನ ಹೈಸ್ಕೂಲಿನಲ್ಲಿ ವಾರಗಟ್ಟಲೆ ಓರಗೆಯವರ ಜೊತೆ ಕೂರುವ ಅವಕಾಶವೂ ಸಿಗುತ್ತದೆ. ಆದರೆ ವಿಶ್ವವಿದ್ಯಾಲಯದ ಹಾಸ್ಟೆಲುಗಳು ಖಾಲಿಯಿರುವುದಿಲ್ಲ, ಮನೆವಾಸವನ್ನೇ ನೆಚ್ಚಬೇಕು. ಜುಲೈನಲ್ಲಿ ಹಾಸ್ಟೆಲು ಸುಲಭ, ಆದರೆ ನಮ್ಮವರಿಗೆ ಶಾಲೆಯ ಅನುಮತಿ ಪತ್ರ ಬೇಕು, ಬಿಟ್ಟುಹೋದ ಪಾಠ ತುಂಬಿಸುವ ಏರ್ಪಾಡನ್ನು ಪ್ರಸ್ತಾವನೆಯಲ್ಲೇ ಬರೆಯಬೇಕು. ನಮ್ಮ ಒಲವು ಏಪ್ರಿಲ್-ಮೇ ಕಡೆಗೆ. ಎಸ್‌ಎಸ್‌ಎಲ್‌ಸಿ ಅಥವಾ ಪಿಯು ಪರೀಕ್ಷೆ ಬರೆಯಲಿರುವ ವರ್ಷದ ಮಕ್ಕಳನ್ನು ನಡುವರ್ಷದಲ್ಲಿ ಎಳೆದುಕೊಂಡು ಹೋಗುವ ಯೋಜನೆಯನ್ನು ತಾಯಿತಂದೆಯರು ಒಪ್ಪುವುದಿಲ್ಲ, ಒಪ್ಪಲೂ ಬಾರದು.

ಅಮೆರಿಕ ಸರ್ಕಾರದ ಹಣಕಾಸು ವರ್ಷ ಅಕ್ಟೋಬರ್ 1ಕ್ಕೆ ಶುರುವಾಗುತ್ತದೆ, ಅನುದಾನದ ಮಂಜೂರಾತಿ ಪತ್ರಗಳು ಅದರ ಹಿಂದಿನ ಬೇಸಿಗೆಯ ಕೊನೆಯಲ್ಲಿ ಬರುವುದು ಹೆಚ್ಚು. ಅಲ್ಲಿಂದ ಮುಂದಿನ ಏಪ್ರಿಲ್‌ಗೆ ಏಳು ತಿಂಗಳು ಸಿಗುತ್ತದೆ. ಆಯ್ಕೆಗೆ ಮೂರು, ಪಾಸ್‌ಪೋರ್ಟು ವೀಸಾಗಳಿಗೆ ಮೂರು, ಪೂರ್ವಸಿದ್ಧತೆಗೆ ಒಂದು. ಇದಕ್ಕಿಂತ ಬಿಗಿಯಾಗಿ ಯೋಜಿಸಬೇಡಿ.

ಹಣ ಭಾರತಕ್ಕೆ ಬರುವುದಾದರೆ: ಎಫ್‌ಸಿಆರ್‌ಎ

ಕರ್ನಾಟಕದ ಪಾಲುದಾರ ಸಂಸ್ಥೆಗೆ ಅಮೆರಿಕದ ಸಂಸ್ಥೆಯಿಂದ ಬರುವ ಪ್ರತಿ ರೂಪಾಯಿಯೂ ವಿದೇಶಿ ದೇಣಿಗೆ. 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ ಅಂದರೆ ಎಫ್‌ಸಿಆರ್‌ಎ, ಅದಕ್ಕೆ 2020ರಲ್ಲಿ ಬಂದ ತಿದ್ದುಪಡಿ, ಇವೆರಡನ್ನೂ ಓದದೆ ಬಜೆಟ್ ಬರೆದರೆ ಗೆದ್ದ ಅನುದಾನವನ್ನೂ ಖರ್ಚು ಮಾಡಲಾಗುವುದಿಲ್ಲ.

ಈ ಕಾಯ್ದೆಯಡಿ ನೋಂದಣಿಗೆ ಸಂಸ್ಥೆ ಮೂರು ವರ್ಷದಿಂದ ಇರಬೇಕು, ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ತನ್ನ ಮುಖ್ಯ ಕೆಲಸಕ್ಕೆ ಒಟ್ಟು 15 ಲಕ್ಷ ರೂಪಾಯಿ ಖರ್ಚು ಮಾಡಿರಬೇಕು. ವಿದೇಶಿ ಹಣ ಮೊದಲು ಇಳಿಯಬೇಕಾದ್ದು ದೆಹಲಿಯ ಸಂಸದ್ ಮಾರ್ಗದಲ್ಲಿರುವ ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೆ. ನೋಂದಣಿ ಇಲ್ಲದ ಸಂಸ್ಥೆ ಒಂದು ದಾನಿ, ಒಂದು ಕೆಲಸ, ಒಂದು ಮೊತ್ತಕ್ಕೆ ಸೀಮಿತವಾಗಿ ಪೂರ್ವಾನುಮತಿ ಕೇಳಬಹುದು. ಅದಕ್ಕೆ ಮೊತ್ತ ನಮೂದಿಸಿದ ದಾನಿಯ ಪತ್ರ ಬೇಕು. ಅನುದಾನ ಮಂಜೂರಾದ ಮೇಲಷ್ಟೇ ಆ ಪತ್ರ ಸಿಗುವುದರಿಂದ, ಮುಂದಿನ ಏಪ್ರಿಲ್‌ನ ಪ್ರಯಾಣವನ್ನು ಪೂರ್ವಾನುಮತಿಯ ಭರವಸೆಯ ಮೇಲೆ ಕಟ್ಟಬೇಡಿ.

ಹೆಚ್ಚು ಜನ ಎಡವುವುದು 7ನೇ ಕಲಮಿನಲ್ಲಿ. ವಿದೇಶಿ ದೇಣಿಗೆ ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೋ ವ್ಯಕ್ತಿಗೋ ದಾಟಿಸುವಂತಿಲ್ಲ, ಆ ಇನ್ನೊಂದು ಸಂಸ್ಥೆಗೆ ಎಫ್‌ಸಿಆರ್‌ಎ ನೋಂದಣಿ ಇದ್ದರೂ ಸರಿಯೇ. ಬೆಂಗಳೂರಿನ ಸಂಸ್ಥೆಗೆ ಕೊಟ್ಟು, ಅದು ರಾಯಚೂರಿನ, ಚಾಮರಾಜನಗರದ ಸಣ್ಣ ಸಂಸ್ಥೆಗಳಿಗೆ ಹಂಚುವ ಮಾದರಿ ಈಗ ಕಾನೂನುಬಾಹಿರ. ಮರಳಿ ಬಂದ ಮಕ್ಕಳ ಕಿರು ಯೋಜನೆಗಳಿಗೆ ಬೀಜಧನ ಕೊಡುವ ಪದ್ಧತಿ ಇಸಿಎ ಕಾರ್ಯಕ್ರಮಗಳಲ್ಲಿ ಸಾಮಾನ್ಯ. ಅದನ್ನು ಮಕ್ಕಳ ಖಾತೆಗೆ ಹಾಕುವ ಯೋಚನೆಯೂ ಇದೇ ಕಾರಣಕ್ಕೆ ಬೇಡ. ಪಾಲುದಾರ ಸಂಸ್ಥೆಯೇ ಆ ಯೋಜನೆಯನ್ನು ತನ್ನ ಕೆಲಸವಾಗಿ ನಡೆಸಿ, ಗಿಡದ ನರ್ಸರಿಗೆ, ಮುದ್ರಕರಿಗೆ, ಪೆಂಡಾಲಿನವರಿಗೆ ನೇರವಾಗಿ ಬಿಲ್ ಪಾವತಿಸಲಿ. ಆಡಳಿತ ವೆಚ್ಚ ವಿದೇಶಿ ದೇಣಿಗೆಯ ಶೇ. 20 ಮೀರಬಾರದು. 2020ಕ್ಕೆ ಮೊದಲು ಈ ಮಿತಿ ಶೇ. 50 ಇತ್ತು, ಹಳೆಯ ಮಾದರಿ ಬಜೆಟ್ಟುಗಳನ್ನು ನಕಲು ಮಾಡಿದವರು ಇಲ್ಲಿ ಸಿಕ್ಕಿಬೀಳುತ್ತಾರೆ.

ಎಫ್‌ಸಿಆರ್‌ಎ ಇಲ್ಲದ ಒಳ್ಳೆಯ ಸಂಸ್ಥೆಯನ್ನು ಬಿಡಲೇಬೇಕೆಂದಿಲ್ಲ. ಹಣದ ವ್ಯವಹಾರವಿಲ್ಲದ ಒಡಂಬಡಿಕೆ ಮಾಡಿಕೊಳ್ಳಿ: ಅವರು ಶಾಲೆಗಳನ್ನು ತಲುಪುತ್ತಾರೆ, ಆಯ್ಕೆಯಲ್ಲಿ ಕೂರುತ್ತಾರೆ. ಹೋಟೆಲು, ಬಸ್ಸು, ಸಭಾಂಗಣದ ಬಿಲ್ಲನ್ನು ಆ ವ್ಯಾಪಾರಿಗಳಿಗೆ ಅಮೆರಿಕದ ಸಂಸ್ಥೆ ನೇರವಾಗಿ ಕೊಡುತ್ತದೆ. ಮಾಮೂಲು ವ್ಯಾಪಾರದಲ್ಲಿ ಕೊಟ್ಟ ಸೇವೆಗೆ ಪಡೆದ ಬೆಲೆ ವಿದೇಶಿ ದೇಣಿಗೆಯಲ್ಲ.

ಮಕ್ಕಳ ಜೊತೆ ಸರ್ಕಾರಿ ಪ್ರೌಢಶಾಲೆಯ ಮೇಷ್ಟ್ರೋ ಮೇಡಮ್ಮೋ ಹೋಗುವುದಾದರೆ 6ನೇ ಕಲಮು ನೆನಪಿರಲಿ. ಸರ್ಕಾರಿ ನೌಕರರು ವಿದೇಶಿ ಆತಿಥ್ಯ ಸ್ವೀಕರಿಸಲು ಕೇಂದ್ರ ಗೃಹ ಸಚಿವಾಲಯದ ಅನುಮತಿ ಬೇಕು, ಅರ್ಜಿ ನಮೂನೆ ಎಫ್‌ಸಿ-2, ಸಾಮಾನ್ಯವಾಗಿ ಹೊರಡುವ ಎರಡು ವಾರ ಮೊದಲೇ ತಲುಪಿರಬೇಕು. ಇಲಾಖೆಯ ಅನುಮತಿ ಇದಕ್ಕೆ ಹೊರತಾದದ್ದು, ಅದೂ ಬೇಕು.

ಬಜೆಟ್

ಎಸ್‌ಎಫ್-424ಎ ನಮೂನೆ, ವಿವರವಾದ ಪಟ್ಟಿ, ಪ್ರತಿ ಸಾಲಿಗೂ ಸಮರ್ಥನೆ. ‘ಪ್ರಯಾಣ: 22,400’ ಎಂದು ಬರೆದರೆ ಸಾಲದು. ‘14 ಮಂದಿ × 1,600 ಡಾಲರ್, ಬೆಂಗಳೂರಿನಿಂದ ಹೋಗಿಬರಲು’ ಎಂದಿರಬೇಕು.

12 ಮಕ್ಕಳು, ಇಬ್ಬರು ಹಿರಿಯರು, 21 ದಿನ ಎಂದುಕೊಂಡು ಒಂದು ಲೆಕ್ಕ ಹಾಕೋಣ. ವಿಮಾನ 22,400. ಊಟ ವಸತಿ ದಿನಕ್ಕೆ 80ರಂತೆ 23,520. ಕೈಖರ್ಚು ದಿನಕ್ಕೆ 15ರಂತೆ 4,410. ಅವರ ಓಡಾಟದ ಬಸ್ಸಿಗೆ 5,670. ಭಾಗವಹಿಸುವವರ ವೆಚ್ಚ ಒಟ್ಟು 56,000. ಸಿಬ್ಬಂದಿಯ ಸಂಬಳ ಸವಲತ್ತು 30,000, ತರಬೇತುದಾರರಿಗೆ 4,000, ಕರ್ನಾಟಕದ ಪಾಲುದಾರನಿಗೆ ಉಪ ಅನುದಾನ 12,000. ನೇರ ವೆಚ್ಚ 1,02,000 ಡಾಲರ್.

ಇನ್ನು ಕಚೇರಿ ಬಾಡಿಗೆ, ಲೆಕ್ಕಪತ್ರದಂಥ ಪರೋಕ್ಷ ವೆಚ್ಚ. ಸರ್ಕಾರದೊಡನೆ ಮಾತಾಡಿ ನಿಗದಿಪಡಿಸಿಕೊಂಡ ದರ ಇಲ್ಲದ ಸಂಸ್ಥೆ ಶೇ. 15ರವರೆಗೆ ಕೇಳಬಹುದು. 2024ರ ಅಕ್ಟೋಬರ್ 1ಕ್ಕೆ ಮೊದಲು ಇದು ಶೇ. 10 ಇತ್ತು. ಹಾಗಾದರೆ 15,300 ಎಂದು ಬರೆದುಬಿಡುತ್ತಾರೆ, ಅದು ತಪ್ಪು. ಈ ಶೇಕಡಾವಾರು ಅನ್ವಯವಾಗುವುದು ಮಾರ್ಪಡಿಸಿದ ನೇರ ವೆಚ್ಚದ ಮೇಲೆ ಮಾತ್ರ, ಅದರಲ್ಲಿ ಭಾಗವಹಿಸುವವರ ವೆಚ್ಚ ಸೇರುವುದಿಲ್ಲ. ಪ್ರತಿ ಉಪ ಅನುದಾನದ ಮೊದಲ 50,000 ಮಾತ್ರ ಸೇರುತ್ತದೆ. ನಮ್ಮ ಲೆಕ್ಕದಲ್ಲಿ 1,02,000ದಿಂದ 56,000 ಕಳೆದರೆ 46,000, ಅದರ ಶೇ. 15 ಅಂದರೆ 6,900. ಒಟ್ಟು ಕೋರಿಕೆ 1,08,900. ವಿನಿಮಯ ಕಾರ್ಯಕ್ರಮದಲ್ಲಿ ಅರ್ಧಕ್ಕೂ ಹೆಚ್ಚು ಹಣ ಮಕ್ಕಳ ಮೇಲೆಯೇ ಖರ್ಚಾಗುವುದರಿಂದ ಈ ಒಂದು ನಿಯಮ ಇಡೀ ಬಜೆಟ್ಟನ್ನು ಕದಲಿಸುತ್ತದೆ. 15,300ಕ್ಕೂ 6,900ಕ್ಕೂ ನಡುವಿನ 8,400 ಡಾಲರ್ ಬರುತ್ತದೆಂದು ನಂಬಿಕೊಂಡು ಒಬ್ಬರನ್ನು ನೇಮಿಸಿಕೊಂಡರೆ ಆ ಸಂಬಳ ಸಂಸ್ಥೆಯ ಕೈಯಿಂದಲೇ ಹೋಗುತ್ತದೆ.

ವಿಮಾನದ ಟಿಕೆಟ್ಟಿಗೆ ಫ್ಲೈ ಅಮೆರಿಕ ಕಾಯ್ದೆ ಇದೆ. ಸರ್ಕಾರದ ಹಣದಲ್ಲಿ ಹಾರುವವರು ಅಮೆರಿಕದ ವಿಮಾನ ಸಂಸ್ಥೆಯಲ್ಲಿ, ಅಥವಾ ಟಿಕೆಟ್ಟಿನ ಮೇಲೆ ಅಮೆರಿಕದ ಸಂಸ್ಥೆಯ ಸಂಕೇತವಿರುವ ಜಂಟಿ ಹಾರಾಟದಲ್ಲಿ ಹೋಗಬೇಕು. ಓಪನ್ ಸ್ಕೈಸ್ ಒಪ್ಪಂದದಿಂದಾಗಿ ಐರೋಪ್ಯ ಒಕ್ಕೂಟದ ಸಂಸ್ಥೆಗಳಿಗೂ ಅವಕಾಶವಿದೆ. ಹಾಗಾಗಿ ಬೆಂಗಳೂರಿನಿಂದ ಫ್ರಾಂಕ್‌ಫರ್ಟ್, ಪ್ಯಾರಿಸ್, ಆಮ್‌ಸ್ಟರ್‌ಡ್ಯಾಮ್ ಮಾರ್ಗಗಳು ಅನುಕೂಲ. ಕೊಲ್ಲಿ ದೇಶಗಳ ವಿಮಾನ ಅಗ್ಗವೆಂದು ಕಾಯ್ದಿರಿಸಿದರೆ ಆ ಟಿಕೆಟ್ಟಿನ ಹಣ ತಿರಸ್ಕೃತವಾಗುವ ಅಪಾಯವಿದೆ. ಅಗ್ಗ ಎಂಬುದು ವಿನಾಯಿತಿಗೆ ಕಾರಣವಲ್ಲ.

ಸಂಸ್ಥೆ ತಾನೇ ಭರಿಸುವ ಸ್ವಂತ ಪಾಲಿನ ಬಗ್ಗೆ ಎಚ್ಚರಿಕೆ. ಇಸಿಎ ಅದನ್ನು ಪ್ರೋತ್ಸಾಹಿಸುತ್ತದೆ, ಕಡ್ಡಾಯ ಮಾಡುವುದು ಅಪರೂಪ. ಸಂಘದ ಸದಸ್ಯರ ಮನೆವಾಸ, ಸ್ವಯಂಸೇವಕರ ಸಮಯ, ದಾನವಾಗಿ ಸಿಕ್ಕ ಸಭಾಂಗಣ, ಇವಕ್ಕೆಲ್ಲ ಬೆಲೆ ಕಟ್ಟಿ ತೋರಿಸಬಹುದು. ಆದರೆ ಬಜೆಟ್ಟಿನಲ್ಲಿ ಬರೆದ ಕ್ಷಣದಿಂದ ಅದು ಬದ್ಧತೆ. ಕೊನೆಗೆ ಅಷ್ಟು ತೋರಿಸಲಾಗದಿದ್ದರೆ ಸರ್ಕಾರದ ಪಾಲನ್ನೂ ಅದೇ ಪ್ರಮಾಣದಲ್ಲಿ ಕಡಿತ ಮಾಡುತ್ತಾರೆ. ಸ್ವಯಂಸೇವಕರ ಗಂಟೆಗಳನ್ನು ಸಹಿ ಹಾಕಿಸಿ ಬರೆದಿಡುವ ಶಿಸ್ತು ಇರುವಷ್ಟೇ ಮೊತ್ತ ನಮೂದಿಸಿ. ಮದ್ಯ, ಬರೀ ಮನರಂಜನೆ, ಸಂಘದ ಹಬ್ಬಕ್ಕೆ ಬಂದ ಸಾರ್ವಜನಿಕರ ಊಟ, ಇವು ಈ ಹಣದಲ್ಲಿ ನಡೆಯುವುದಿಲ್ಲ.

ಪ್ರಸ್ತಾವನೆ ಬರೆಯುವಾಗ

ಇಸಿಎ ಪ್ರಸ್ತಾವನೆಯ ಮುಖ್ಯ ಬರಹಕ್ಕೆ ಸಾಮಾನ್ಯವಾಗಿ ಸಾಲುಗಳ ನಡುವೆ ಎರಡರಷ್ಟು ಅಂತರವಿರುವ 20 ಪುಟಗಳ ಮಿತಿ. ದಿನವಾರು ವೇಳಾಪಟ್ಟಿ ಲಗತ್ತಾಗಿರಲಿ, ಅದನ್ನು ಓದುಗರು ಮೊದಲು ನೋಡುತ್ತಾರೆ. ನಯಾಗರ ಜಲಪಾತವೂ ನ್ಯೂಯಾರ್ಕ್ ಸುತ್ತಾಟವೂ ಎದ್ದು ಕಂಡರೆ ಅದು ಪ್ರವಾಸವೆನಿಸುತ್ತದೆ. ಒಂದೇ ವಿಷಯ ಹಿಡಿಯಿರಿ. ಕೆರೆ ಮತ್ತು ಕುಡಿಯುವ ನೀರು ಎಂದಾದರೆ ಮೂರು ವಾರವೂ ಅದರ ಸುತ್ತಲೇ ಸುತ್ತಲಿ: ನಗರಸಭೆಯ ಕಲಾಪ, ನೀರು ಶುದ್ಧೀಕರಣ ಘಟಕ, ಅಲ್ಲಿನ ವಿದ್ಯಾರ್ಥಿಗಳ ಜೊತೆ ಹೊಳೆಯ ನೀರಿನ ಪರೀಕ್ಷೆ.

ಆಯ್ಕೆ ಮುಕ್ತವಾಗಿರಬೇಕು, ಅರ್ಹತೆಯ ಮೇಲಿರಬೇಕು, ಭಾರತದಲ್ಲಿರುವ ಅಮೆರಿಕ ರಾಯಭಾರ ಕಚೇರಿಯ ಜೊತೆ ಸೇರಿ ನಡೆಯಬೇಕು. ಸದಸ್ಯರ ಅಣ್ಣನ ಮಗಳು, ನೆಂಟರ ಮಗ ಪಟ್ಟಿಯಲ್ಲಿ ಬಂದರೆ ಕಾರ್ಯಕ್ರಮದ ಹೆಸರೇ ಕೆಡುತ್ತದೆ. ಕನ್ನಡ ಮಾಧ್ಯಮದ ಮಕ್ಕಳು ಹಿಂದೆ ಬೀಳದಂತೆ ಅರ್ಜಿಯನ್ನು ಕನ್ನಡದಲ್ಲೂ ಪ್ರಕಟಿಸಿ, ಎಷ್ಟು ಇಂಗ್ಲಿಷ್ ಬೇಕೆಂಬುದನ್ನು ಮಾತುಕತೆಯಲ್ಲಿ ಅಳೆಯಿರಿ. ಮಕ್ಕಳನ್ನು ಇಟ್ಟುಕೊಳ್ಳುವ ಮನೆಯ ವಯಸ್ಕರೆಲ್ಲರ ಅಪರಾಧ ಹಿನ್ನೆಲೆ ಪರಿಶೀಲನೆಯನ್ನು, ಸಂಘದ ಅಧ್ಯಕ್ಷರ ಮನೆಯಾದರೂ, ಮಾಡಿಸಿ. ಅದರ ಖರ್ಚು ಬಜೆಟ್ಟಿನಲ್ಲಿರಲಿ.

ಮೌಲ್ಯಮಾಪನವನ್ನು ಇಸಿಎ ಪ್ರಕಟಣೆಗಳು ಬಹುಕಾಲ ನಾಲ್ಕು ಮೆಟ್ಟಿಲಾಗಿ ಕೇಳಿವೆ: ತೃಪ್ತಿ, ಕಲಿಕೆ, ನಡವಳಿಕೆಯ ಬದಲಾವಣೆ, ಸಂಸ್ಥೆಗಳಲ್ಲಿ ಆದ ಬದಲಾವಣೆ. ‘ನಾಯಕತ್ವ ಗುಣ ಬೆಳೆಯುತ್ತದೆ’ ಎಂಬುದನ್ನು ಅಳೆಯಲಾಗದು. ‘ಮರಳಿದ ಆರು ತಿಂಗಳಲ್ಲಿ 12ರಲ್ಲಿ 9 ಮಕ್ಕಳು ತಮ್ಮ ಪಂಚಾಯಿತಿಯ ಮಕ್ಕಳ ಗ್ರಾಮಸಭೆಯಲ್ಲಿ ನೀರಿನ ವಿಷಯ ಮಂಡಿಸಿ, ನಡಾವಳಿಯಲ್ಲಿ ದಾಖಲಿಸಿರುತ್ತಾರೆ’ ಎಂಬುದನ್ನು ಎಣಿಸಬಹುದು. ಕರ್ನಾಟಕದ ಈ ಮಕ್ಕಳ ಗ್ರಾಮಸಭೆ ಇಂಥ ಪ್ರಸ್ತಾವನೆಗೆ ಸಿದ್ಧ ವೇದಿಕೆ, ಬಳಸಿಕೊಳ್ಳಿ.

ಅರ್ಜಿಯನ್ನು ಕೊನೆಯ ದಿನಕ್ಕಿಂತ ಮೂರು ದಿನ ಮೊದಲು ಗ್ರಾಂಟ್ಸ್ ಡಾಟ್ ಗವ್‌ನಲ್ಲಿ ಕಳಿಸಿ. ಸಲ್ಲಿಸುವ ಅಧಿಕಾರವಿರುವವರು ಸಂಸ್ಥೆಯಿಂದ ಮೊದಲೇ ನೇಮಕವಾಗಿರಬೇಕು. ‘ತಲುಪಿದೆ’ ಎಂಬ ಸಂದೇಶ ಬಂದರೆ ಕೆಲಸ ಮುಗಿಯಲಿಲ್ಲ. ‘ಪರಿಶೀಲನೆಯಲ್ಲಿ ಸರಿಯಿದೆ’ ಎಂಬ ಎರಡನೆಯ ಸಂದೇಶ ಬರಬೇಕು, ಅದಕ್ಕೆ ಎರಡು ದಿನ ಹಿಡಿಯಬಹುದು. ಕಡತದ ಹೆಸರು ಉದ್ದವಾಗಿದ್ದರೆ, ವಿಶೇಷ ಚಿಹ್ನೆಗಳಿದ್ದರೆ ಅಲ್ಲಿಯೇ ತಿರಸ್ಕಾರ. ಕನ್ನಡ ಲಿಪಿಯಲ್ಲಿ ಕಡತಕ್ಕೆ ಹೆಸರಿಡಬೇಡಿ. ಕೊನೆಯ ದಿನ ದಾಟಿದ ಮೇಲೆ ಫಲಿತಾಂಶ ಬರುವತನಕ ಅಧಿಕಾರಿಗಳು ನಿಮ್ಮೊಡನೆ ಈ ಬಗ್ಗೆ ಮಾತಾಡುವಂತಿಲ್ಲ. ಪ್ರಶ್ನೆಗಳೇನಿದ್ದರೂ ಮೊದಲೇ ಕೇಳಿ.

ಮಂಜೂರಾದ ಮೇಲೆ

ಹಣ ಒಮ್ಮೆಲೇ ಖಾತೆಗೆ ಬೀಳುವುದಿಲ್ಲ, ಖರ್ಚಿಗೆ ತಕ್ಕಂತೆ ಎಳೆದುಕೊಳ್ಳಬೇಕು. 2025ರ ಫೆಬ್ರುವರಿಯಲ್ಲಿ ವಿದೇಶಾಂಗ ಇಲಾಖೆ ವಿನಿಮಯ ಕಾರ್ಯಕ್ರಮಗಳ ಹಣವನ್ನು ತಡೆಹಿಡಿದಾಗ, ಮಕ್ಕಳು ಆಗಲೇ ಪರದೇಶದಲ್ಲಿದ್ದ ಸಂಸ್ಥೆಗಳು ಇಕ್ಕಟ್ಟಿಗೆ ಸಿಕ್ಕವು. ಮರಳುವ ಟಿಕೆಟ್ ಮತ್ತು ಎರಡು ವಾರದ ಊಟ ವಸತಿಗೆ ಸಾಲುವಷ್ಟು ಹಣ ಸಂಸ್ಥೆಯ ಕೈಯಲ್ಲಿಲ್ಲದೆ ಯಾರನ್ನೂ ವಿಮಾನ ಹತ್ತಿಸಬೇಡಿ.

ಮಕ್ಕಳು ಬರುವುದು ಜೆ-1 ಎಂಬ ವಿನಿಮಯ ವೀಸಾದಲ್ಲಿ, ಅದಕ್ಕೆ ವಿನಿಮಯದ ಅರ್ಹತೆ ತೋರಿಸುವ ಡಿಎಸ್-2019 ಪತ್ರ ಬೇಕು. ಸರ್ಕಾರಿ ಪ್ರಾಯೋಜಿತರಿಗೆ ವೀಸಾ ಶುಲ್ಕವೂ, ವಿನಿಮಯದವರ ದಾಖಲೆ ಇಡುವ ಸೆವಿಸ್ ವ್ಯವಸ್ಥೆಯ ಶುಲ್ಕವೂ ಇಲ್ಲ. ಪತ್ರದ ಹೆಸರು ಪಾಸ್‌ಪೋರ್ಟಿನದ್ದೇ ಆಗಿರಬೇಕು. ನಮ್ಮಲ್ಲಿ ಇನಿಷಿಯಲ್‌ನ ಪದ್ಧತಿ. ಪಾಸ್‌ಪೋರ್ಟಿನ ಉಪನಾಮದ ಜಾಗ ಖಾಲಿಯಿದ್ದರೆ ಅಮೆರಿಕದ ವೀಸಾದಲ್ಲಿ ಇಡೀ ಹೆಸರು ಉಪನಾಮವಾಗಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ (ಮೊದಲ ಹೆಸರು ಗೊತ್ತಿಲ್ಲ) ಎಂದು ಅಚ್ಚಾಗುತ್ತದೆ. ವಿಮಾನ ಟಿಕೆಟ್ಟೂ ಹೊಂದದೆ ಹೋಗುತ್ತದೆ. ಆಯ್ಕೆಯಾದ ವಾರದಲ್ಲೇ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಅಥವಾ ಶಾಲಾ ದಾಖಲೆ, ಆಧಾರ್, ಜನನ ಪ್ರಮಾಣಪತ್ರ ಮೂರನ್ನೂ ಎದುರಿಗಿಟ್ಟು ನೋಡಿ, ಹೊಸ ಪಾಸ್‌ಪೋರ್ಟಿನಲ್ಲೇ ಇನಿಷಿಯಲ್ ಬಿಡಿಸಿ ಬರೆಸಿ. 18 ತುಂಬದವರಿಗೆ ತಾಯಿತಂದೆ ಇಬ್ಬರ ಸಹಿಯಿರುವ ‘ಅನೆಕ್ಷರ್ ಡಿ’ ಎಂಬ ಪಾಸ್‌ಪೋರ್ಟ್ ಒಪ್ಪಿಗೆ ಪತ್ರ ಬೇಕು. ಬೆಂಗಳೂರಿನಲ್ಲಿ 2025ರ ಜನವರಿಯಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾದರೂ ಆಗ ವೀಸಾ ಸೇವೆ ಅಲ್ಲಿ ಶುರುವಾಗಲಿಲ್ಲ. ಚೆನ್ನೈಗೆ ಹೋಗಿಬರುವ ಖರ್ಚು ಲೆಕ್ಕದಲ್ಲಿರಲಿ.

ಸರ್ಕಾರಿ ಹಣದಲ್ಲಿ ಬಂದ ಜೆ-1 ಹಿಡಿದವರಿಗೆ ಎರಡು ವರ್ಷ ತಾಯ್ನಾಡಿನಲ್ಲಿರುವ ನಿಯಮ ಅನ್ವಯಿಸುತ್ತದೆ. ಆ ಅವಧಿ ತುಂಬುವವರೆಗೆ ಕೆಲಸಕ್ಕೆ ಹೋಗುವ ಎಚ್, ಎಲ್ ವೀಸಾ, ಗ್ರೀನ್ ಕಾರ್ಡ್ ಸಿಗುವುದಿಲ್ಲ. ಓದುವ ಎಫ್-1ಕ್ಕೆ ಭಾರತದಿಂದ ಅರ್ಜಿ ಹಾಕಲು ಅಡ್ಡಿಯಿಲ್ಲ. ಇದನ್ನು ತಾಯಿತಂದೆಯರಿಗೆ ಕನ್ನಡದಲ್ಲಿ ಬರೆದು ಕೊಟ್ಟು ಸಹಿ ಪಡೆಯಿರಿ. ಆರೋಗ್ಯಕ್ಕೆ ಇಸಿಎಯ ಎಎಸ್‌ಪಿಇ ಎಂಬ ಚಿಕಿತ್ಸಾ ವೆಚ್ಚದ ಸೌಲಭ್ಯವಿದೆ. ಮೊದಲೇ ಇರುವ ಕಾಯಿಲೆಗಳಿಗೆ ಅದರಲ್ಲಿ ಮಿತಿಗಳಿರುವುದರಿಂದ, ಅಸ್ತಮಾದಂಥ ತೊಂದರೆಯಿರುವ ಮಗು ತನ್ನ ಔಷಧಿಯನ್ನು ವೈದ್ಯರ ಚೀಟಿಯ ಜೊತೆ ಪೂರ್ತಿ ಅವಧಿಗೆ ಒಯ್ಯಲಿ.

ಪ್ರತಿ ತ್ರೈಮಾಸಿಕಕ್ಕೆ ಕೆಲಸದ ವರದಿ, ಎಸ್‌ಎಫ್-425 ನಮೂನೆಯಲ್ಲಿ ಹಣದ ವರದಿ. ಅನುದಾನದ ಅವಧಿ ಮುಗಿದ 120 ದಿನದೊಳಗೆ ಅಂತಿಮ ವರದಿಗಳು. ಅಲ್ಲಿಂದ ಮೂರು ವರ್ಷ ಪ್ರತಿ ರಸೀದಿ, ಬೋರ್ಡಿಂಗ್ ಪಾಸು, ಹಾಜರಿ ಪಟ್ಟಿ ಉಳಿಸಿಡಬೇಕು. ಭಾರತದ ಪಾಲುದಾರ ಮಾರ್ಚ್ 31ಕ್ಕೆ ಮುಗಿದ ವರ್ಷದ ವಿದೇಶಿ ದೇಣಿಗೆಯ ಎಫ್‌ಸಿ-4 ವಿವರಪಟ್ಟಿಯನ್ನು ಡಿಸೆಂಬರ್ 31ರೊಳಗೆ ಸಲ್ಲಿಸಬೇಕು. ಏಪ್ರಿಲ್‌ನಲ್ಲಿ ಪ್ರಯಾಣವಿದ್ದರೆ ಸಿದ್ಧತೆಯ ಖರ್ಚು ಒಂದು ವರ್ಷದಲ್ಲಿ, ಪ್ರಯಾಣದ ನಂತರದ ಖರ್ಚು ಇನ್ನೊಂದರಲ್ಲಿ ಬೀಳುತ್ತದೆ. ಎರಡೂ ಕಡೆಯ ಲೆಕ್ಕಿಗರು ಡಾಲರ್-ರೂಪಾಯಿ ದರವನ್ನು ಹಣ ಬಂದ ದಿನದ ಬ್ಯಾಂಕ್ ಸಲಹಾ ಪತ್ರದಿಂದಲೇ ತೆಗೆದುಕೊಂಡು, ಮೊದಲ ಕಂತು ಬಂದ ದಿನದಿಂದ ಒಂದೇ ಹಾಳೆಯಲ್ಲಿ ಬರೆದಿಡಲಿ.